ಐದು ಲಕ್ಷ ಗ್ಯಾಲಕ್ಸಿಗಳಲ್ಲಿ ಒಂದು ಉಬ್ಬು ಹುಡುಕಿದ್ದು

2025ರ ಮಾರ್ಚ್‌ನಲ್ಲಿ ಗ್ಯಾಲಕ್ಸಿಗಳ ನಕ್ಷೆ ಮಾಡುತ್ತಿರುವ ಡೆಸಿ ಸಮೀಕ್ಷೆಯವರು ತಮ್ಮ ಮೊದಲ ಮೂರು ವರ್ಷದ ಅಳತೆಯ ಫಲಿತಾಂಶ ಹೊರಗೆ ಬಿಟ್ಟರು. 1.4 ಕೋಟಿಗೂ ಜಾಸ್ತಿ ಗ್ಯಾಲಕ್ಸಿ, ತುಂಬಾ ಪ್ರಖರವಾದ ಗ್ಯಾಲಕ್ಸಿ ಕೇಂದ್ರಗಳಾದ ಕ್ವೇಸಾರ್‌ಗಳ ಲೆಕ್ಕ ಅದು. ವಿಶ್ವ ಹಿಗ್ಗುವ ವೇಗವನ್ನು ಹೆಚ್ಚಿಸುತ್ತಿರುವ ಡಾರ್ಕ್ ಎನರ್ಜಿ ಸ್ಥಿರವಾಗಿಲ್ಲದೆ, ಕಾಲ ಕಳೆದಂತೆ ಬದಲಾಗುತ್ತಿರಬಹುದು ಎಂಬ ಸೂಚನೆ ಅದರಲ್ಲಿತ್ತು. ನಾನು ಆ ಸುದ್ದಿಯನ್ನು ಎರಡು ಸಲ ಓದಿದೆ. ವೇಗ ಹೆಚ್ಚುತ್ತಿದೆ ಅನ್ನುವುದು ಮೊದಲೇ ಗೊತ್ತಿತ್ತು. 1998ರಲ್ಲಿ ಎರಡು ತಂಡಗಳು ದೂರದ ಸಿಡಿದ ನಕ್ಷತ್ರಗಳು, ಅಂದರೆ ಸೂಪರ್‌ನೋವಾಗಳು ಎಣಿಸಿದ್ದಕ್ಕಿಂತ ಮಂಕಾಗಿವೆ ಎಂದು ಕಂಡುಕೊಂಡಿದ್ದು, 2011ರಲ್ಲಿ ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೆ ನೊಬೆಲ್ ಬಂದಿದ್ದು ಎಲ್ಲಾ ಬಾಯಿಪಾಠ. ಆದರೆ ಗ್ಯಾಲಕ್ಸಿಗಳನ್ನು ಎಣಿಸಿ ಇದನ್ನು ಹೇಗೆ ಅಳೆಯುತ್ತಾರೆ? ಎಣಿಕೆಗೂ ವೇಗಕ್ಕೂ ಏನು ಸಂಬಂಧ? ಎಷ್ಟು ಯೋಚಿಸಿದರೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷ ಸುಮ್ನೆ ನಂಬಿಕೊಂಡು ಬಂದಿದ್ದೆ.

ನಾನು ಖಗೋಳ ವಿಜ್ಞಾನಿ ಅಲ್ಲ. ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಆದರೆ ಈ ಸಮೀಕ್ಷೆಗಳ ದತ್ತಾಂಶ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಗಾದರೆ ನಾನೇ ಮಾಡಿ ನೋಡಬಾರದೇಕೆ ಅನ್ನಿಸಿತು. ಸುಮಾರು ಐದು ತಿಂಗಳು, ಸಂಜೆಗಳಲ್ಲಿ ಮತ್ತು ರಜಾದಿನಗಳಲ್ಲಿ ಕೂತು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡಿದ್ದು ಡೆಸಿಯಿಂದ ಅಲ್ಲ, ಅದಕ್ಕಿಂತ ಹಳೆಯ ಬಾಸ್ ಸಮೀಕ್ಷೆಯಿಂದ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ಭಾಗವಾಗಿ, ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್‌ನಲ್ಲಿರುವ 2.5 ಮೀಟರ್ ಟೆಲಿಸ್ಕೋಪಿನಲ್ಲಿ 2009ರಿಂದ 2014ರವರೆಗೆ ನಡೆದದ್ದು. ಸುಮಾರು 12 ಲಕ್ಷ ಗ್ಯಾಲಕ್ಸಿಗಳು. ಇದನ್ನು ಆರಿಸಿಕೊಳ್ಳಲು ಎರಡು ಕಾರಣ. ಕಡತಗಳು ನನ್ನ ಕಂಪ್ಯೂಟರ್ ತಾಳುವಷ್ಟು ಚಿಕ್ಕವು. ಮತ್ತೆ ಇದರ ಉತ್ತರ ಏನು ಬರಬೇಕು ಅಂತ ಎಲ್ಲರಿಗೂ ಗೊತ್ತಿದೆ, ಹಾಗಾಗಿ ತಪ್ಪಿದರೆ ಗೊತ್ತಾಗುತ್ತದೆ. ಈ ಎರಡನೇ ಕಾರಣವೇ ಆಮೇಲೆ ನನ್ನನ್ನು ತೊಂದರೆಗೆ ಸಿಕ್ಕಿಸಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ದೂರ ಅಳೆಯಲು ಬಳಸುವ ಅಳತೆಕೋಲಿನ ವಿಷಯ. ವಿಶ್ವ ಹುಟ್ಟಿದ ಮೊದಲ ಸುಮಾರು 3,80,000 ವರ್ಷ ಎಲ್ಲೆಲ್ಲೂ ಕುದಿಯುವ ಪ್ಲಾಸ್ಮಾ. ಬೆಳಕು ಮತ್ತು ವಸ್ತು ಒಂದಕ್ಕೊಂದು ಅಂಟಿಕೊಂಡಿದ್ದವು. ಎಲ್ಲಿ ಸ್ವಲ್ಪ ಸಾಂದ್ರತೆ ಜಾಸ್ತಿ ಇತ್ತೋ ಅಲ್ಲಿಂದ ಒತ್ತಡದ ಅಲೆ, ಅಂದರೆ ಶಬ್ದದ ಅಲೆ, ಹೊರಗೆ ಹರಡುತ್ತಿತ್ತು. ಬೆಳಕಿನ ಅರ್ಧಕ್ಕಿಂತ ಜಾಸ್ತಿ ವೇಗದಲ್ಲಿ. ಆಮೇಲೆ ವಿಶ್ವ ತಣ್ಣಗಾಗಿ ಪರಮಾಣುಗಳು ಕೂಡಿಕೊಂಡವು, ಬೆಳಕು ಬಿಡಿಸಿಕೊಂಡು ಹೋಯಿತು, ಅಲೆ ಎಲ್ಲಿತ್ತೋ ಅಲ್ಲೇ ನಿಂತಿತು. ನಿಂತ ಜಾಗದಲ್ಲಿ ವಸ್ತು ಒಂಚೂರು ಜಾಸ್ತಿ, ಅಲ್ಲಿ ಮುಂದೆ ಗ್ಯಾಲಕ್ಸಿಗಳೂ ಒಂಚೂರು ಜಾಸ್ತಿ ಹುಟ್ಟಿದವು. ಆ ಅಲೆ ಸಾಗಿದ್ದ ದೂರ, ವಿಶ್ವದ ಜೊತೆ ಹಿಗ್ಗಿ ಇವತ್ತಿಗೆ ಸುಮಾರು 147 ಮೆಗಾಪಾರ್ಸೆಕ್, ಅಂದರೆ 48 ಕೋಟಿ ಜ್ಯೋತಿರ್ವರ್ಷ ಆಗಿದೆ. ಯಾವುದೇ ಗ್ಯಾಲಕ್ಸಿಯಿಂದ ಅಷ್ಟು ದೂರದಲ್ಲಿ ಇನ್ನೊಂದು ಗ್ಯಾಲಕ್ಸಿ ಸಿಗುವ ಸಾಧ್ಯತೆ, ಆಚೀಚೆಯ ದೂರಗಳಿಗಿಂತ ಕೊಂಚ ಜಾಸ್ತಿ. ಕೊಂಚ ಅಂದರೆ ನಿಜವಾಗಿಯೂ ಕೊಂಚ, ಶೇಕಡಾ ಒಂದರ ಲೆಕ್ಕ. ಇಂಥ ಅಲೆಗಳು ಕೋಟಿಗಟ್ಟಲೆ ಒಂದರ ಮೇಲೊಂದು ಬಿದ್ದಿರುವುದರಿಂದ ನಕ್ಷೆ ನೋಡಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಜೋಡಿಗಳನ್ನು ಎಣಿಸಿ ಸರಾಸರಿ ತೆಗೆದರೆ ಮಾತ್ರ ಒಂದು ಉಬ್ಬು ಎದ್ದು ಬರುತ್ತದೆ. 2005ರಲ್ಲಿ ಸ್ಲೋನ್ ತಂಡ 46,748 ಗ್ಯಾಲಕ್ಸಿಗಳಲ್ಲಿ ಇದನ್ನು ಮೊದಲು ಕಂಡಿತು. ಅದೇ ವರ್ಷ 2ಡಿಎಫ್ ಸಮೀಕ್ಷೆಯವರೂ ಬೇರೆ ದಾರಿಯಲ್ಲಿ ಕಂಡರು.

ಉದ್ದ ಗೊತ್ತಿರುವ ಕೋಲೊಂದು ಆಕಾಶದ ಎಲ್ಲಾ ದೂರಗಳಲ್ಲೂ ಇಟ್ಟಿದೆ ಅಂದುಕೊಳ್ಳಿ. ಅದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಅನ್ನುವುದರಿಂದ ಅದು ಎಷ್ಟು ದೂರ ಇದೆ ಅಂತ ಗೊತ್ತಾಗುತ್ತದೆ. ನಾನು ಆರಿಸಿಕೊಂಡ ಗ್ಯಾಲಕ್ಸಿಗಳ ದೂರದಲ್ಲಿ ಅದು ಆಕಾಶದಲ್ಲಿ ಸುಮಾರು 4 ಡಿಗ್ರಿ ಅಗಲ, ಪೂರ್ಣಚಂದ್ರರನ್ನು ಎಂಟು ಸಲ ಪಕ್ಕಪಕ್ಕ ಇಟ್ಟಷ್ಟು. ಅಷ್ಟು ದೊಡ್ಡದು! ಇದನ್ನು ಲೆಕ್ಕ ಹಾಕಿದ ದಿನ ಹೊರಗೆ ಹೋಗಿ ಕೈ ಚಾಚಿ ಅಳೆದು ನೋಡಿದೆ. ಚಾಚಿದ ಕೈಯ ಎರಡು ಬೆರಳು ಜೋಡಿಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ.

ಎಣಿಕೆಗೆ ಇಳಿಯುವ ಮುಂಚೆ ಒಂದೇ ಒಂದು ಗ್ಯಾಲಕ್ಸಿಯನ್ನು ನೋಡೋಣ ಅಂತ ಪಟ್ಟಿಯಿಂದ ಒಂದನ್ನು ತೆಗೆದೆ. ಚಿತ್ರದಲ್ಲಿ ಅದು ಕೆಂಪಗಿನ ಒಂದು ಚುಕ್ಕೆ, ಆಕಾರವೂ ಇಲ್ಲ. ಅದರ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಅಳತೆ, ತೆರೆದೆ. ಎಡದಿಂದ ಬಲಕ್ಕೆ ತರಂಗಾಂತರ, ಕೆಳಗಿಂದ ಮೇಲಕ್ಕೆ ಬೆಳಕಿನ ಪ್ರಮಾಣ, ಒಂದು ನಡುಗುವ ಗೆರೆ. ಎಡಗಡೆ ಗೆರೆ ತಗ್ಗಿನಲ್ಲಿದೆ, ನಡುವೆ ಒಂದು ಮೆಟ್ಟಿಲು ಹತ್ತಿದಂತೆ ಮೇಲೇರುತ್ತದೆ, ಆ ಮೆಟ್ಟಿಲ ಹತ್ತಿರವೇ ಪಕ್ಕಪಕ್ಕ ಎರಡು ಗುಂಡಿಗಳು. ನಕ್ಷತ್ರಗಳಲ್ಲಿನ ಕ್ಯಾಲ್ಸಿಯಂ ಬೆಳಕನ್ನು ನುಂಗಿದ ಗುರುತು ಅವು. ಪ್ರಯೋಗಾಲಯದಲ್ಲಿ ಅಳೆದರೆ ಈ ಗುಂಡಿಗಳು ಸುಮಾರು 3934 ಮತ್ತು 3969 ಆಂಗ್‌ಸ್ಟ್ರಾಂನಲ್ಲಿ, ನೇರಳೆ ಬಣ್ಣದಲ್ಲಿ ಇರಬೇಕು. ಇಲ್ಲಿ ಇದ್ದದ್ದು 6176 ಮತ್ತು 6231ರ ಹತ್ತಿರ, ಕಿತ್ತಳೆ ಬಣ್ಣದಲ್ಲಿ. ಭಾಗಿಸಿದೆ. ಎರಡಕ್ಕೂ 1.57 ಬಂತು. ಬೆಳಕಿನ ಅಲೆ ದಾರಿಯಲ್ಲಿ ಅಷ್ಟು ಪಟ್ಟು ಹಿಗ್ಗಿದೆ, ಅದರಲ್ಲಿ ಒಂದು ಕಳೆದದ್ದೇ ರೆಡ್‌ಶಿಫ್ಟ್. ಅಂದರೆ ರೆಡ್‌ಶಿಫ್ಟ್ 0.57. ಈ ಬೆಳಕು ಹೊರಟು ಸುಮಾರು 560 ಕೋಟಿ ವರ್ಷ ಆಯಿತು. ಭೂಮಿಗೆ ವಯಸ್ಸು 454 ಕೋಟಿ ವರ್ಷ. ಭೂಮಿ ಇನ್ನೂ ಹುಟ್ಟಿರಲೇ ಇಲ್ಲ. ಪಟ್ಟಿಯಲ್ಲಿ 0.57 ಅಂತ ಬರೆದಿದ್ದ ಅಂಕಿ ಎಲ್ಲಿಂದ ಬಂತು ಅಂತ ಆಗ ಕೈಯಾರೆ ತಿಳಿಯಿತು, ಆಮೇಲೆ ಉಳಿದ ಲಕ್ಷಾಂತರ ಅಂಕಿಗಳನ್ನು ನೋಡುವ ರೀತಿಯೇ ಬದಲಾಯಿತು.

ಈ ರೋಹಿತಗಳನ್ನು ಪಡೆದ ಬಗೆಯೂ ಹೇಳಬೇಕು, ಯಾಕೆಂದರೆ ಲೆಕ್ಕದ ಒಂದು ತೊಡಕು ಅಲ್ಲಿಂದಲೇ ಬರುತ್ತದೆ. ಬಾಸ್‌ನಲ್ಲಿ ಪ್ರತಿ ಆಕಾಶದ ತುಂಡಿಗೂ ಒಂದೊಂದು ಅಲ್ಯೂಮಿನಿಯಂ ತಟ್ಟೆ, ಗ್ಯಾಲಕ್ಸಿ ಇರುವ ಜಾಗದಲ್ಲೆಲ್ಲಾ ತೂತು. ಒಂದು ತಟ್ಟೆಗೆ ಸಾವಿರ ತೂತು, ಬೆಳಕನ್ನು ಒಯ್ಯುವ ಗಾಜಿನ ಎಳೆ, ಅಂದರೆ ಫೈಬರ್, ಅದೂ ಸಾವಿರ. ಹಗಲು ಹೊತ್ತು ಜನ ಕೂತು ಒಂದೊಂದಾಗಿ ಕೈಯಲ್ಲೇ ಚುಚ್ಚುತ್ತಿದ್ದರು. ಫೈಬರಿಗೆ ದಪ್ಪ ಇದೆ ಅಲ್ವಾ, ಆದ್ದರಿಂದ 62 ಆರ್ಕ್‌ಸೆಕೆಂಡಿಗಿಂತ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಹತ್ತಿರ ಇರುವ ಎರಡು ಗ್ಯಾಲಕ್ಸಿಗಳಿಗೆ ಒಂದೇ ತಟ್ಟೆಯಲ್ಲಿ ಎರಡು ಫೈಬರ್ ಹಾಕಲು ಆಗುವುದಿಲ್ಲ. ಒಂದು ಉಳಿದುಹೋಗುತ್ತದೆ. ಹಾಗೆ ಉಳಿದುಹೋಗುವುದು ಗ್ಯಾಲಕ್ಸಿಗಳು ಗುಂಪಾಗಿರುವ ಜಾಗದಲ್ಲೇ, ನಾವು ಅಳೆಯಬೇಕಾಗಿರುವುದು ಆ ಗುಂಪುಗೂಡುವಿಕೆಯನ್ನೇ. ಅದಕ್ಕೆ ಫೈಬರ್ ಸಿಕ್ಕಿದ ಪಕ್ಕದ ಗ್ಯಾಲಕ್ಸಿಗೆ ಎರಡರ ತೂಕ ಕೊಡುತ್ತಾರೆ. ಪಟ್ಟಿಯಲ್ಲಿ ಇದಕ್ಕೆಂದೇ ಒಂದು ಕಾಲಂ ಇದೆ. ಮೊದಲ ಸಲ ನೋಡಿದಾಗ ಅದು ಯಾಕೆ ಅಂತ ಗೊತ್ತಾಗದೆ ಬಿಟ್ಟುಬಿಟ್ಟಿದ್ದೆ.

ಈಗ ಎಣಿಕೆ. ನಾನು ತೆಗೆದುಕೊಂಡದ್ದು ಸಿಮಾಸ್ ಅನ್ನುವ ಗುಂಪಿನ ಉತ್ತರ ಆಕಾಶದ ಭಾಗ, ರೆಡ್‌ಶಿಫ್ಟ್ 0.43ರಿಂದ 0.7ರವರೆಗೆ. ಸುಮಾರು 5.7 ಲಕ್ಷ ಗ್ಯಾಲಕ್ಸಿ. ಅಷ್ಟರಲ್ಲಿ ಎಷ್ಟು ಜೋಡಿ ಆಗುತ್ತದೆ? ಸುಮಾರು 16,000 ಕೋಟಿ. ನಾನು ಬರೆದ ಮೊದಲ ಪ್ರೋಗ್ರಾಂ ಸೆಕೆಂಡಿಗೆ ಹತ್ತು ಲಕ್ಷ ಜೋಡಿ ನೋಡುತ್ತಿತ್ತು. ಎರಡು ದಿನದಲ್ಲಿ ಮುಗಿಯುತ್ತದೆ, ಪರವಾಗಿಲ್ಲ ಅಂದುಕೊಂಡೆ. ಆದರೆ ಗ್ಯಾಲಕ್ಸಿಗಳನ್ನು ಎಣಿಸಿದರೆ ಅರ್ಧ ಕೆಲಸವೂ ಆಗಿರುವುದಿಲ್ಲ.

ಯಾಕೆ ಅಂದರೆ, ಜೋಡಿ ಜಾಸ್ತಿ ಇದೆ ಅನ್ನಬೇಕಾದರೆ ಯಾವುದಕ್ಕಿಂತ ಜಾಸ್ತಿ ಅಂತ ಹೇಳಬೇಕು. ಸಮೀಕ್ಷೆ ನೋಡಿದ ಆಕಾಶಕ್ಕೆ ಅಂಕುಡೊಂಕು ಅಂಚುಗಳಿವೆ. ಒಳಗೆ ತೂತುಗಳಿವೆ, ಪ್ರಖರವಾದ ನಕ್ಷತ್ರ ಇದ್ದ ಕಡೆ ನೋಡಲು ಆಗಿಲ್ಲ. ದೂರ ಹೋದಂತೆ ಸಿಗುವ ಗ್ಯಾಲಕ್ಸಿಗಳ ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಇದೆಲ್ಲಾ ಸೇರಿ ಜೋಡಿಗಳ ಎಣಿಕೆಯನ್ನು ತಿರುಚುತ್ತದೆ. ಅದಕ್ಕೆ ಪರಿಹಾರ, ರ‍್ಯಾಂಡಮ್ ಪಟ್ಟಿ. ಅದೇ ಅಂಚು, ಅದೇ ತೂತು, ಅದೇ ಏರಿಳಿತ ಇರುವ, ಆದರೆ ಒಳಗೆ ಯಾವ ಗುಂಪೂ ಇಲ್ಲದೆ ಚೆಲ್ಲಿದಂತಿರುವ ಕಾಲ್ಪನಿಕ ಬಿಂದುಗಳ ಪಟ್ಟಿ. ನಿಜವಾದ ಗ್ಯಾಲಕ್ಸಿಗಳಿಗಿಂತ ಐವತ್ತು ಪಟ್ಟು ಜಾಸ್ತಿ ಬಿಂದುಗಳು. ಗ್ಯಾಲಕ್ಸಿ-ಗ್ಯಾಲಕ್ಸಿ ಜೋಡಿ, ಗ್ಯಾಲಕ್ಸಿ-ರ‍್ಯಾಂಡಮ್ ಜೋಡಿ, ರ‍್ಯಾಂಡಮ್-ರ‍್ಯಾಂಡಮ್ ಜೋಡಿ, ಮೂರನ್ನೂ ಎಣಿಸಿ, ಪ್ರತಿಯೊಂದನ್ನೂ ಅದರ ಒಟ್ಟು ಜೋಡಿಗಳಿಂದ ಭಾಗಿಸಿ, ಒಂದಕ್ಕೊಂದು ಹೋಲಿಸಬೇಕು. ಲ್ಯಾಂಡಿ ಮತ್ತು ಸಲೈ 1993ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತಿದೆ. ಮೊದಲನೆಯದರಿಂದ ಎರಡನೆಯದರ ಎರಡರಷ್ಟನ್ನು ಕಳೆದು, ಮೂರನೆಯದನ್ನು ಕೂಡಿ, ಬಂದದ್ದನ್ನು ಮೂರನೆಯದರಿಂದ ಭಾಗಿಸುವುದು. ಅಷ್ಟೇ ಸೂತ್ರ.

ಈ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಹಿಡಿದಿಟ್ಟಿದ್ದು ಈ ರ‍್ಯಾಂಡಮ್ ಪಟ್ಟಿ. ಗ್ಯಾಲಕ್ಸಿಗಳ ಪಟ್ಟಿ ನಾವು ಏನು ನೋಡಿದೆವು ಅಂತ ಹೇಳುತ್ತದೆ. ಎಲ್ಲಿ ನೋಡಿದ್ದೇವೆ, ಎಲ್ಲಿ ನೋಡಲು ಆಗಲಿಲ್ಲ ಅಂತ ಹೇಳುವುದು ರ‍್ಯಾಂಡಮ್ ಪಟ್ಟಿ. ಇಲ್ಲಿ ಗ್ಯಾಲಕ್ಸಿ ಇಲ್ಲ ಅನ್ನುವುದಕ್ಕೂ ಇಲ್ಲಿ ನಾವು ನೋಡೇ ಇಲ್ಲ ಅನ್ನುವುದಕ್ಕೂ ಇರುವ ವ್ಯತ್ಯಾಸ ಪೂರ್ತಿ ಅದರಲ್ಲಿದೆ. ಈ ಎರಡನ್ನೂ ಒಂದೇ ಅಂತ ಎಣಿಸಿದರೆ ವಿಶ್ವದಲ್ಲಿ ಇಲ್ಲದ ರಚನೆಗಳು ಕಾಣಲು ಶುರುವಾಗುತ್ತವೆ. ನನಗೆ ಹಾಗೇ ಆಯಿತು.

ಹತ್ತು ಪಟ್ಟು ರ‍್ಯಾಂಡಮ್ ತೆಗೆದುಕೊಂಡರೂ ಅವುಗಳ ಒಳಗಿನ ಜೋಡಿಗಳು ನೂರು ಪಟ್ಟು ಆಗುತ್ತವೆ. ನನ್ನ ಪ್ರೋಗ್ರಾಮಿಗೆ ಅದು ಆರು ತಿಂಗಳ ಕೆಲಸ. ಅದನ್ನು ಬಿಟ್ಟು ಕಾರ್‌ಫಂಕ್ ಅನ್ನುವ ಉಚಿತ ಸಾಧನ ಹಾಕಿಕೊಂಡೆ. ಆಕಾಶವನ್ನು ಚಿಕ್ಕ ಚಿಕ್ಕ ಡಬ್ಬಿಗಳಾಗಿ ಕತ್ತರಿಸಿ, ದೂರದ ಡಬ್ಬಿಗಳ ಜೋಡಿಗಳನ್ನು ಮುಟ್ಟದೆಯೇ ಬಿಡುತ್ತದೆ ಅದು. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಮುಗಿದಿರುತ್ತಿತ್ತು.

ಮೊದಲ ಗ್ರಾಫ್ ಬಂತು. ಎಡದಿಂದ ಬಲಕ್ಕೆ ಜೋಡಿಗಳ ನಡುವಿನ ದೂರ, ಕೆಳಗಿಂದ ಮೇಲಕ್ಕೆ ರ‍್ಯಾಂಡಮ್‌ಗಿಂತ ಎಷ್ಟು ಜಾಸ್ತಿ ಜೋಡಿ ಅನ್ನುವುದು. ಉಬ್ಬು ಇಲ್ಲ. ಉಬ್ಬು ಇಲ್ಲದಿರುವುದು ಹೋಗಲಿ, ಗೆರೆ ಇಳಿಯಲೇ ಇಲ್ಲ. ದೂರ ಹೋದಂತೆ ಸೊನ್ನೆಗೆ ಬರಬೇಕಾದದ್ದು ಮೇಲೇ ನಿಂತುಬಿಟ್ಟಿತ್ತು, ಎಷ್ಟು ದೂರದ ಗ್ಯಾಲಕ್ಸಿಗಳೂ ಒಂದಕ್ಕೊಂದು ಸಂಬಂಧ ಇಟ್ಟುಕೊಂಡಿವೆ ಅನ್ನುವ ಹಾಗೆ. ಎರಡು ವಾರ ತಲೆ ಕೆಡಿಸಿಕೊಂಡೆ. ದೂರದ ಲೆಕ್ಕ ನೋಡಿದೆ, ಕೋನದ ಲೆಕ್ಕ ನೋಡಿದೆ, ಸೂತ್ರ ಹತ್ತು ಸಲ ನೋಡಿದೆ. ಕೊನೆಗೆ ಎರಡೂ ಪಟ್ಟಿಗಳ ರೆಡ್‌ಶಿಫ್ಟ್ ಹಂಚಿಕೆಯನ್ನು ಒಂದರ ಮೇಲೊಂದು ಬಿಡಿಸಿದಾಗ ಒಂದೇ ಕ್ಷಣದಲ್ಲಿ ಕಂಡಿತು. 0.43ರಿಂದ 0.7 ಅನ್ನುವ ಮಿತಿಯನ್ನು ಗ್ಯಾಲಕ್ಸಿಗಳಿಗೆ ಹಾಕಿದ್ದೆ, ರ‍್ಯಾಂಡಮ್‌ಗೆ ಹಾಕಿರಲಿಲ್ಲ. ಹಾಗಾಗಿ ಗ್ಯಾಲಕ್ಸಿಗಳೆಲ್ಲಾ ಮಧ್ಯದ ಒಂದು ಪದರದಲ್ಲಿ ಒತ್ತಿಕೊಂಡು ಕೂತಂತೆ ಲೆಕ್ಕಕ್ಕೆ ಕಂಡಿತ್ತು. ಈ ಚಿತ್ರವನ್ನು ಮೊದಲ ದಿನವೇ ಬಿಡಿಸಬೇಕಿತ್ತು. ಯಾರಾದರೂ ಇದನ್ನು ಮಾಡಲು ಹೊರಟರೆ ಬೇರೆಲ್ಲಕ್ಕಿಂತ ಮುಂಚೆ ಇದನ್ನು ಬಿಡಿಸಿ.

ಸರಿಮಾಡಿ ಮತ್ತೆ ಓಡಿಸಿದೆ. ಗೆರೆ ಇಳಿಯಿತು. ಆದರೆ ಉಬ್ಬು ಇರಬೇಕಾದ 100ರ ಹತ್ತಿರ ಏನೂ ಇಲ್ಲ, ಗ್ರಾಫಿನ ಬಲತುದಿಯಲ್ಲಿ ಗೆರೆ ಮೇಲೇಳಲು ಶುರುವಾಗಿ ಅಲ್ಲಿಗೇ ಕತ್ತರಿಸಿಹೋಗಿತ್ತು. ಇದು ಏಕಮಾನದ ತಪ್ಪು. ಸಂಶೋಧಕರು ದೂರವನ್ನು ಹಬಲ್ ಸ್ಥಿರಾಂಕದ (ವಿಶ್ವ ಇವತ್ತು ಹಿಗ್ಗುತ್ತಿರುವ ವೇಗ) ಅನಿಶ್ಚಿತತೆ ತಾಗದಂತೆ ಒಂದು ವಿಶೇಷ ಏಕಮಾನದಲ್ಲಿ ಬರೆಯುತ್ತಾರೆ, ಅದರಲ್ಲಿ ಕೋಲಿನ ಉದ್ದ ಹತ್ತಿರ ಹತ್ತಿರ 100. ನನ್ನ ಪ್ರೋಗ್ರಾಂ ಕೊಡುತ್ತಿದ್ದದ್ದು ಸಾದಾ ಮೆಗಾಪಾರ್ಸೆಕ್, ಅದರಲ್ಲಿ ಕೋಲು 147ರ ಆಸುಪಾಸು. ನಾನು ಗ್ರಾಫನ್ನು 150ಕ್ಕೆ ನಿಲ್ಲಿಸಿದ್ದೆ. ಆ ಏಕಮಾನಕ್ಕೆ ತರಲು ಎಲ್ಲಾ ದೂರವನ್ನೂ 0.676ರಿಂದ ಗುಣಿಸಿದೆ, ಮಿತಿಯನ್ನು 200ಕ್ಕೆ ಏರಿಸಿದೆ.

ಉಬ್ಬು ಬಂತು. 60ರಿಂದ 80ರವರೆಗೆ ಇಳಿದ ಗೆರೆ ಅಲ್ಲಿಂದ ಏರಿ, 100 ದಾಟಿದ ಮೇಲೆ ಮತ್ತೆ ಇಳಿದಿತ್ತು. ನಾನು ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಮೊದಲ ಪರಮಾಣುಗಳು ಹುಟ್ಟುವ ಮುಂಚೆ ಹರಡಿದ ಶಬ್ದ ಅದು, ನನ್ನ ಮೇಜಿನ ಮೇಲಿನ ಪರದೆಯಲ್ಲಿ, ನಾನು ಬರೆದ ಸಾಲುಗಳಿಂದ ಬಂದದ್ದು. ಮನೆಯವರನ್ನು ಕರೆದು ತೋರಿಸಿದೆ. ಅವರಿಗೆ ವಿವರಿಸಲು ಹೋದಾಗ ಕಣ್ಣು ತುಂಬಿ ಬಂತು.

ಆದರೂ ಬಲಗಡೆ, 150ರ ಆಚೆ, ಗೆರೆ ಬೇಕಾದ್ದಕ್ಕಿಂತ ಎತ್ತರದಲ್ಲೇ ಇತ್ತು. ಅದು ತೂಕದ ಕಾಲಂಗಳನ್ನು ಬಿಟ್ಟಿದ್ದರ ಫಲ. ನಮ್ಮ ಹಾಲುಹಾದಿಯ ನಕ್ಷತ್ರಗಳು ದಟ್ಟವಾಗಿರುವ ಕಡೆ ಹಿಂದಿನ ಮಂಕಾದ ಗ್ಯಾಲಕ್ಸಿಗಳು ಕಡಿಮೆ ಸಿಕ್ಕುತ್ತವೆ. ನಕ್ಷತ್ರದ ದಟ್ಟಣೆ ಆಕಾಶದಲ್ಲಿ ನಿಧಾನವಾಗಿ ಬದಲಾಗುವುದರಿಂದ ದೊಡ್ಡ ದೊಡ್ಡ ದೂರಗಳಲ್ಲಿ ಸುಳ್ಳು ಸಂಬಂಧ ಹುಟ್ಟುತ್ತದೆ. ಇದನ್ನು ಸರಿಪಡಿಸುವ ತೂಕ ಪಟ್ಟಿಯಲ್ಲೇ ಇದೆ. ಅದನ್ನೂ ಫೈಬರ್ ತೂಕವನ್ನೂ ಹಾಕಿ ಓಡಿಸಿದೆ, ಬಲಗಡೆ ಗೆರೆ ಕೆಳಗೆ ಬಂತು. ಆಮೇಲೆ ಬೇಕೆಂದೇ ಒಂದೊಂದು ತೂಕವನ್ನು ತೆಗೆದು ತೆಗೆದು ನೋಡಿದೆ. ಗೆರೆ ಪೂರ್ತಿ ಮೇಲೆ ಕೆಳಗೆ ಆಗುತ್ತದೆ, ಓರೆಯಾಗುತ್ತದೆ, ಆದರೆ ಉಬ್ಬು ಇದ್ದಲ್ಲಿಂದ ಹೆಚ್ಚೇನೂ ಅಲ್ಲಾಡುವುದಿಲ್ಲ. ಈ ಅಳತೆಯನ್ನು ಜನ ಇಷ್ಟು ನಂಬುವುದು ಯಾಕೆ ಅಂತ ಇಲ್ಲಿ ಅರ್ಥವಾಯಿತು. ಸುತ್ತಲಿನ ತಪ್ಪುಗಳು ನಯವಾಗಿ, ನಿಧಾನವಾಗಿ ಬದಲಾಗುವಂಥವು. ಒಂದು ನಿರ್ದಿಷ್ಟ ದೂರದಲ್ಲಿ ಉಬ್ಬನ್ನು ಹುಟ್ಟಿಸುವುದು ಅವುಗಳಿಗೆ ಸುಲಭವಲ್ಲ.

ಇಲ್ಲಿಗೆ ಮೂರು ತಿಂಗಳಾಗಿತ್ತು. ಆಗ ಒಂದು ವಿಷಯ ಕೊರೆಯಲು ಶುರುವಾಯಿತು. ಉಬ್ಬು ಬರುವವರೆಗೆ ತಪ್ಪು ಹುಡುಕುತ್ತಿದ್ದೆ. ಬಂದ ತಕ್ಷಣ ನಿಲ್ಲಿಸಿದೆ. ಅಕಸ್ಮಾತ್ ಉತ್ತರ ಏನು ಬರಬೇಕು ಅಂತ ನನಗೆ ಗೊತ್ತಿಲ್ಲದಿದ್ದರೆ, 147ರಲ್ಲಿದ್ದ ಉಬ್ಬನ್ನೂ ಹಾಗೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಇದು ಸಣ್ಣ ವಿಷಯ ಅಲ್ಲ. ಡೆಸಿಯವರು ಇದಕ್ಕಾಗಿಯೇ ದತ್ತಾಂಶವನ್ನು ಮೊದಲು ಗುಟ್ಟಾಗಿ ತಿರುಚಿಟ್ಟು, ವಿಶ್ಲೇಷಣೆಯ ಎಲ್ಲಾ ನಿರ್ಧಾರ ಮುಗಿದ ಮೇಲೆ ಮಾತ್ರ ನಿಜವಾದದ್ದನ್ನು ತೆರೆಯುತ್ತಾರೆ.

ನಾನೂ ಹಾಗೇ ಮಾಡಿದೆ. ಇನ್ನೊಂದು ಗುಂಪಿದೆ, ಲೋಝಡ್ ಅಂತ, ಸ್ವಲ್ಪ ಹತ್ತಿರದ ಗ್ಯಾಲಕ್ಸಿಗಳು, ರೆಡ್‌ಶಿಫ್ಟ್ 0.32ರ ಸುತ್ತ. ಉತ್ತರ ಭಾಗದಲ್ಲಿ ಎರಡೂವರೆ ಲಕ್ಷದಷ್ಟು. ಅದನ್ನು ಮುಟ್ಟುವ ಮುಂಚೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: 0.95ರಿಂದ 1.05ರ ಒಳಗೆ ಯಾವುದೋ ಒಂದು ಸಂಖ್ಯೆ ಆರಿಸು, ಎಲ್ಲಾ ದೂರವನ್ನೂ ಅದರಿಂದ ಗುಣಿಸು, ಆ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಡು, ನನಗೆ ತೋರಿಸಬೇಡ. ಈಗ ಉಬ್ಬು ಎಲ್ಲಿ ಬರಬೇಕು ಅಂತ ನನಗೂ ಗೊತ್ತಿಲ್ಲ. ಯಾವ ತೂಕ, ಎಷ್ಟು ಅಗಲದ ಹಂತಗಳು, ಉಬ್ಬಿನ ಸ್ಥಾನ ಯಾವ ರೀತಿ ಗುರುತಿಸುವುದು, ಎಲ್ಲವನ್ನೂ ಮೊದಲೇ ಬರೆದಿಟ್ಟೆ. ಕೆಲಸ ಮಾಡುವ ರೀತಿ ಪೂರ್ತಿ ಬದಲಾಯಿತು. ಮೊದಲು ಕಣ್ಣು ಗ್ರಾಫಿನ ಮೇಲಿತ್ತು, ಈಗ ಪ್ರತಿ ಹಂತದ ಮೇಲೆ ಇತ್ತು.

ಈ ನಡುವೆ ದೋಷದ ಅಂದಾಜು ಬೇಕಿತ್ತು. ಲೋಝಡ್‌ಗೆ ಆಕಾಶವನ್ನು ಐವತ್ತು ತುಂಡು ಮಾಡಿ, ಪ್ರತಿ ಸಲ ಒಂದೊಂದು ತುಂಡು ಬಿಟ್ಟು ಎಣಿಸಿ, ಉತ್ತರ ಎಷ್ಟು ಅಲ್ಲಾಡುತ್ತದೆ ಅಂತ ನೋಡಿದೆ. ಸಿಮಾಸ್‌ಗೆ ಇನ್ನೂ ಒಳ್ಳೆಯ ದಾರಿ ಇತ್ತು. ಬಾಸ್ ತಂಡ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ನಕಲಿ ಸಮೀಕ್ಷೆಗಳನ್ನೂ ಎಲ್ಲರಿಗೂ ಕೊಟ್ಟಿದೆ. ಅವರಲ್ಲಿ ಅಂಥವು ಎರಡು ಸಾವಿರಕ್ಕೂ ಜಾಸ್ತಿ, ನಾನು ನೂರು ಇಳಿಸಿಕೊಂಡು ಹತ್ತು ದಿನ ಎಣಿಸಿದೆ. ಆ ಎಲ್ಲಾ ನಕಲಿ ವಿಶ್ವಗಳಲ್ಲೂ ಕೋಲನ್ನು ಬೇಕೆಂದೇ ಇಟ್ಟಿದ್ದಾರೆ, ನೂರರ ಸರಾಸರಿಯಲ್ಲಿ ಉಬ್ಬು ಸ್ಪಷ್ಟ. ಆದರೆ ಒಂದೊಂದಾಗಿ ನೋಡಿದರೆ ನಾಲ್ಕೈದರಲ್ಲಿ ಉಬ್ಬು ಕಾಣುವುದೇ ಇಲ್ಲ! ಇನ್ನು ಕೆಲವದರಲ್ಲಿ 95ರಲ್ಲಿದೆ, ಕೆಲವದರಲ್ಲಿ 106ರಲ್ಲಿದೆ. ನಮಗೆ ಸಿಕ್ಕಿರುವುದು ಒಂದೇ ವಿಶ್ವ, ಅದರ ಒಂದು ತುಂಡು. ನನ್ನ ಗ್ರಾಫಿನ ಉಬ್ಬು ಎಷ್ಟು ಗಟ್ಟಿ, ಎಷ್ಟು ಅದೃಷ್ಟ ಅಂತ ಹೇಳಿದ್ದು ಈ ನೂರು ನಕಲಿಗಳೇ. ಪಕ್ಕಪಕ್ಕದ ಬಿಂದುಗಳು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ, ಹಾಗಾಗಿ ಕಣ್ಣಳತೆಯಲ್ಲಿ ಉಬ್ಬು ಗಟ್ಟಿಯಾಗಿ ಕಂಡರೂ ಲೆಕ್ಕದಲ್ಲಿ ಅಷ್ಟು ಗಟ್ಟಿ ಇರುವುದಿಲ್ಲ ಅನ್ನುವುದೂ ಆಗಲೇ ತಿಳಿದದ್ದು.

ಲೋಝಡ್‌ನ ಉಬ್ಬು 97.1ರಲ್ಲಿ ಬಂತು. ಎರಡು ದಿನ ಬಿಟ್ಟೆ. ಇನ್ನೇನಾದರೂ ಬದಲಾಯಿಸಬೇಕಾ ಅಂತ ನನ್ನನ್ನೇ ಕೇಳಿಕೊಂಡೆ, ಬೇಡ ಅನ್ನಿಸಿದ ಮೇಲೆ ಕಡತ ತೆರೆದೆ. 0.968 ಅಂತ ಇತ್ತು. ಭಾಗಿಸಿದರೆ 100.3. ದೋಷ ಸುಮಾರು ಶೇಕಡಾ 3. ಸಿಮಾಸ್‌ನಲ್ಲಿ 99.1, ದೋಷ ಸುಮಾರು ಶೇಕಡಾ 1.7. ಕೈ ನಡುಗುತ್ತಿತ್ತು ಅಂದರೆ ಉತ್ಪ್ರೇಕ್ಷೆ ಅಲ್ಲ. ಮೊದಲ ಉಬ್ಬಿಗಿಂತ ಇದು ನನಗೆ ದೊಡ್ಡದು, ಯಾಕೆಂದರೆ ಇದನ್ನು ನಾನು ಎಳೆದು ತಂದು ಕೂರಿಸಿರಲು ಸಾಧ್ಯವೇ ಇರಲಿಲ್ಲ.

ಇನ್ನು ವೇಗದ ಮಾತು. ರೆಡ್‌ಶಿಫ್ಟ್ 0.57 ಅಂದರೆ ಬೆಳಕು ಹೊರಟ ಮೇಲೆ ವಿಶ್ವ 1.57 ಪಟ್ಟು ಹಿಗ್ಗಿದೆ. ಅಷ್ಟು ಹಿಗ್ಗಲು ಎಷ್ಟು ಕಾಲ ಹಿಡಿಯಿತು ಅಂತ ಅದು ಹೇಳುವುದಿಲ್ಲ. ಇವತ್ತಿನ ವೇಗ ಒಂದೇ ಅಂತ ಇಟ್ಟುಕೊಳ್ಳಿ. ಹಿಂದೆ ಜೋರಾಗಿ ಹಿಗ್ಗುತ್ತಿದ್ದು ಬರಬರುತ್ತಾ ನಿಧಾನವಾಗಿದ್ದರೆ ಆ 1.57 ಪಟ್ಟು ಬೇಗ ಆಗಿಹೋಗಿರುತ್ತದೆ, ಬೆಳಕಿಗೆ ಸಿಕ್ಕ ಸಮಯ ಕಡಿಮೆ, ಗ್ಯಾಲಕ್ಸಿ ಹತ್ತಿರ. ಹಿಂದೆ ಅಷ್ಟು ಜೋರಿಲ್ಲದೆ ಆಮೇಲೆ ವೇಗ ಪಡೆದಿದ್ದರೆ ಸಮಯ ಜಾಸ್ತಿ ಹಿಡಿದಿರುತ್ತದೆ, ಗ್ಯಾಲಕ್ಸಿ ದೂರ. ಆದ್ದರಿಂದ ರೆಡ್‌ಶಿಫ್ಟ್ ಒಂದು ಕಡೆ, ಕೋಲಿನಿಂದ ಸಿಕ್ಕ ದೂರ ಇನ್ನೊಂದು ಕಡೆ ಇಟ್ಟರೆ ಹಿಗ್ಗುವಿಕೆಯ ಚರಿತ್ರೆ ಸಿಗುತ್ತದೆ. ನಾನು ಮೊದಲು ಕೇಳಿಕೊಂಡ ಪ್ರಶ್ನೆಗೆ, ಎಣಿಕೆಗೂ ವೇಗಕ್ಕೂ ಏನು ಸಂಬಂಧ ಅನ್ನುವುದಕ್ಕೆ, ಉತ್ತರ ಇದೇ.

ಉಬ್ಬಿನ ಸ್ಥಾನದಿಂದ ಲೆಕ್ಕ ಹಾಕಿದ ಎರಡು ದೂರಗಳು ನನ್ನ ಹತ್ತಿರ ಇದ್ದವು, ಒಂದು ಸಿಮಾಸ್‌ಗೆ, ಇನ್ನೊಂದು ಲೋಝಡ್‌ಗೆ. ಎರಡರ ಅನುಪಾತ ತೆಗೆದರೆ ಕೋಲಿನ ನಿಜವಾದ ಉದ್ದ ಎಷ್ಟು ಅಂತ ಗೊತ್ತಿರಬೇಕಾಗಿಯೂ ಇಲ್ಲ, ಅದು ರದ್ದಾಗುತ್ತದೆ. ಬರೀ ವಸ್ತುವಿನಿಂದ ತುಂಬಿದ, ಡಾರ್ಕ್ ಎನರ್ಜಿ ಇಲ್ಲದ ಸಪಾಟು ವಿಶ್ವದಲ್ಲಿ ಈ ಅನುಪಾತ 1.49 ಬರಬೇಕು. ಡಾರ್ಕ್ ಎನರ್ಜಿ ಸುಮಾರು ಶೇಕಡಾ 69 ಇದ್ದರೆ 1.62. ನನಗೆ ಬಂದದ್ದು 1.64, ಆಚೀಚೆ 0.06. ಬರೀ ವಸ್ತುವಿನ ವಿಶ್ವದಿಂದ ಸುಮಾರು ನನ್ನ ದೋಷದ ಎರಡೂವರೆ ಪಟ್ಟು ದೂರ. ಅದು ಸರಿಹೋಗುವುದಿಲ್ಲ.

ಆದರೆ ಇಷ್ಟಕ್ಕೇ ವೇಗ ಹೆಚ್ಚುತ್ತಿದೆ ಅಂತ ನಾನು ತೋರಿಸಿಬಿಟ್ಟೆ ಅಂದರೆ ತಪ್ಪಾಗುತ್ತದೆ. ಏನೂ ಇಲ್ಲದ ಖಾಲಿ ವಿಶ್ವ, ವೇಗ ಹೆಚ್ಚದೆ ಕಡಿಮೆಯೂ ಆಗದೆ ಹಿಗ್ಗುತ್ತಾ ಹೋಗುವಂಥದ್ದು, ಅದರಲ್ಲಿ ಅನುಪಾತ 1.60 ಬರುತ್ತದೆ. ನನ್ನ ದೋಷದ ಮಿತಿಯೊಳಗೆ ಅದೂ ಇದೆ. ಅದನ್ನು ಪಕ್ಕಕ್ಕೆ ಸರಿಸಲು ಇನ್ನೊಂದು ಕಡೆಯಿಂದ ಹಿಡಿಯಬೇಕು, ವಿಶ್ವದ ಹಿನ್ನೆಲೆ ವಿಕಿರಣದಿಂದ, ಅಂದರೆ ಪರಮಾಣುಗಳು ಕೂಡಿಕೊಂಡಾಗ ಬಿಡಿಸಿಕೊಂಡು ಹೊರಟ ಆ ಬೆಳಕಿನಿಂದ. ಅಲ್ಲೂ ಇದೇ ಕೋಲು ಇದೆ, 0.6 ಡಿಗ್ರಿ ಅಗಲವಾಗಿ ಕಾಣುತ್ತದೆ. ಅಲ್ಲಿ 0.6 ಡಿಗ್ರಿ, ಇಲ್ಲಿ 4 ಡಿಗ್ರಿ, ಲೋಝಡ್‌ನಲ್ಲಿ 6 ಡಿಗ್ರಿಗೂ ಜಾಸ್ತಿ. ಈ ಮೂರನ್ನೂ ಒಟ್ಟಿಗೆ ಹಾಕಿದಾಗ ಖಾಲಿ ವಿಶ್ವವೂ ಬಿದ್ದುಹೋಗುತ್ತದೆ, ವಸ್ತು ಒಂದೇ ಇರುವ ವಿಶ್ವವೂ ಬಿದ್ದುಹೋಗುತ್ತದೆ, ಸುಮಾರು 600 ಕೋಟಿ ವರ್ಷದ ಹಿಂದೆ ವೇಗ ಹೆಚ್ಚಲು ಶುರುವಾದ ವಿಶ್ವ ಉಳಿಯುತ್ತದೆ. ನಾನು ರೋಹಿತ ಬಿಡಿಸಿ ನೋಡಿದ ಆ ಕೆಂಪು ಚುಕ್ಕೆಯ ಬೆಳಕು ಹೊರಟದ್ದು ಅದಾದ ಸ್ವಲ್ಪ ಕಾಲಕ್ಕೆ. ನಿಜವಾದ ತಂಡಗಳು ಇದಕ್ಕಿಂತ ಎಷ್ಟೋ ಜಾಸ್ತಿ ಮಾಡುತ್ತವೆ. ಗುರುತ್ವದಿಂದ ಮಸುಕಾದ ಉಬ್ಬನ್ನು ಮತ್ತೆ ಚೂಪು ಮಾಡುತ್ತವೆ, ದೃಷ್ಟಿಯ ನೇರಕ್ಕೆ ಬೇರೆ, ಅಡ್ಡಕ್ಕೆ ಬೇರೆ ಅಳೆಯುತ್ತವೆ. ಬಾಸ್ ತಂಡ ಸಿಮಾಸ್‌ನ ದೂರವನ್ನು ಶೇಕಡಾ 1ರ ದೋಷದಲ್ಲಿ ಹೇಳಿದೆ. ನಾನು ಚೂಪು ಮಾಡುವ ಹಂತವನ್ನು ಮುಟ್ಟಿಲ್ಲ.

ಈಗ ಡೆಸಿಯ ಮೊದಲ ವರ್ಷದ ದತ್ತಾಂಶ ಇಳಿಸಿಕೊಂಡಿದ್ದೇನೆ, ಅದೂ 2025ರ ಮಾರ್ಚ್‌ನಲ್ಲೇ ಎಲ್ಲರಿಗೂ ತೆರೆದದ್ದು. ಕಿಟ್ ಪೀಕ್‌ನ 4 ಮೀಟರ್ ಮೇಯಾಲ್ ಟೆಲಿಸ್ಕೋಪಿನಲ್ಲಿ 5000 ಪುಟ್ಟ ರೋಬಾಟ್‌ಗಳು ಫೈಬರ್‌ಗಳನ್ನು ತಾವೇ ಸರಿಸಿ ನಿಲ್ಲಿಸುತ್ತವೆ. ತಟ್ಟೆ ಇಲ್ಲ, ತೂತು ಇಲ್ಲ. ಆದರೆ ಪ್ರತಿ ರೋಬಾಟ್ ತನ್ನ ಸುತ್ತಲಿನ ಚಿಕ್ಕ ಜಾಗ ಮಾತ್ರ ಮುಟ್ಟಬಲ್ಲದು, ಹಾಗಾಗಿ ಯಾವ ಗ್ಯಾಲಕ್ಸಿ ಬಿಟ್ಟುಹೋಯಿತು ಅನ್ನುವ ಲೆಕ್ಕ ಬಾಸ್‌ಗಿಂತ ಕಷ್ಟ. ಒಂದೊಂದು ಗುಂಪಿಗೂ ಹದಿನೆಂಟು ರ‍್ಯಾಂಡಮ್ ಕಡತಗಳಿವೆ. ಗುಟ್ಟಿನ ಸಂಖ್ಯೆ ಆರಿಸುವ ಸಾಲನ್ನು ಮೊದಲೇ ಸೇರಿಸಿದ್ದೇನೆ. ನಿನ್ನೆ ರಾತ್ರಿ 0.4ರಿಂದ 0.6ರವರೆಗಿನ ಕೆಂಪು ಗ್ಯಾಲಕ್ಸಿಗಳ ರೆಡ್‌ಶಿಫ್ಟ್ ಹಂಚಿಕೆಯನ್ನೂ ಅದರ ರ‍್ಯಾಂಡಮ್‌ನ ಹಂಚಿಕೆಯನ್ನೂ ಒಂದರ ಮೇಲೊಂದು ಬಿಡಿಸಿದೆ. ಎರಡೂ ಒಂದಕ್ಕೊಂದು ಕೂತಿವೆ. ಎಣಿಕೆ ಇವತ್ತು ರಾತ್ರಿ ಹಚ್ಚುತ್ತೇನೆ.